ಬೊರೊದಿನ್ ಕೇಳುವವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ರಷ್ಯನ್ ಸಂಗೀತಕಾರ ಅಲೆಕ್ಸಾಂಡರ್ ಬೊರೊದಿನ್ (1833–1887) ವಾದ್ಯವೃಂದಕ್ಕೆ ಬರೆದದ್ದು ಬಹಳ ಕಡಿಮೆ. ಎರಡು ಪೂರ್ಣ ಸಿಂಫನಿ, ಅರ್ಧಕ್ಕೆ ನಿಂತ ಮೂರನೆಯದು, ‘ಮಧ್ಯ ಏಷ್ಯಾದ ಹುಲ್ಲುಗಾವಲಲ್ಲಿ’ ಎಂಬ ಏಳು ನಿಮಿಷದ ಒಂದು ಸಂಗೀತಚಿತ್ರ, ಜೊತೆಗೆ ‘ರಾಜಕುಮಾರ ಇಗೋರ್’ ಆಪೆರಾದಿಂದ ಎತ್ತಿಕೊಂಡ ನೃತ್ಯಗಳು, ಪೀಠಿಕೆ, ಮೆರವಣಿಗೆ. ಎಲ್ಲವನ್ನೂ ಒಂದೇ ಭಾನುವಾರ ಕೇಳಿ ಮುಗಿಸಬಹುದು. ಆದರೂ ಬಂದ ಪ್ರಶ್ನೆಗಳು ಮಾತ್ರ ರಾಶಿ.

ಪ್ರಶ್ನೆ: ‘ಮಧ್ಯ ಏಷ್ಯಾದ ಹುಲ್ಲುಗಾವಲಲ್ಲಿ’ ಕೇಳುವಾಗ ಮೊದಲಿನಿಂದಲೂ ಸಣ್ಣಗೆ ಸಿಳ್ಳೆಯಂಥ ಸದ್ದು ಬರುತ್ತದೆ. ಇಯರ್‌ಫೋನ್ ಬದಲಿಸಿದೆ, ಬೇರೆ ಧ್ವನಿಮುದ್ರಣ ಹಾಕಿದೆ, ಹೋಗಲಿಲ್ಲ. ದೋಷ ಎಲ್ಲಿದೆ?

ದೋಷ ಎಲ್ಲೂ ಇಲ್ಲ, ಅದು ಸಂಗೀತವೇ. ವಯೊಲಿನ್‌ಗಳು ಇ ಸ್ವರವನ್ನು ತೀರಾ ಎತ್ತರದಲ್ಲಿ, ಎರಡು ಸ್ಥಾಯಿಗಳಲ್ಲಿ, ಉಸಿರು ಬಿಡದೆ ಹಿಡಿದು ನಿಂತಿವೆ. ಕಂಪನಸಂಖ್ಯೆಯಲ್ಲಿ ಹೇಳುವುದಾದರೆ ಸುಮಾರು 1,300 ಮತ್ತು 2,600 ಹರ್ಟ್ಜ್. ಮನುಷ್ಯನ ಕಿವಿ ಅತಿ ಚುರುಕಾಗಿರುವ ಪ್ರದೇಶದ ಹತ್ತಿರವೇ ಇದು ಬರುವುದರಿಂದ ಎಷ್ಟು ಮೆಲ್ಲಗೆ ನುಡಿಸಿದರೂ ಚುಚ್ಚುತ್ತದೆ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಂತೂ ಇದೊಂದೇ ಕೇಳಿಸುತ್ತದೆ. ಕೆಳಗಿನ ತಂತಿಗಳ ಮೀಟು, ಎಂದರೆ ಬಯಲಲ್ಲಿ ಸಾಗುವ ಕಾರವಾನಿನ ಕುದುರೆ ಒಂಟೆಗಳ ಹೆಜ್ಜೆ, ಅದರಲ್ಲಿ ಬಹುಪಾಲು ಅಳಿಸಿಹೋಗುತ್ತದೆ. ಹೆಡ್‌ಫೋನಿನಲ್ಲಿ ಕೇಳಿ, ಸಿಳ್ಳೆ ತಾನಾಗಿ ದಿಗಂತವಾಗುತ್ತದೆ.

ಆ ಸ್ವರವನ್ನು ಸುಮ್ಮನೆ ಬಿಸಿಲಿನ ಚಿತ್ರ ಎಂದುಕೊಂಡು ಬಿಡಬೇಡಿ. ಮೊದಲು ಕ್ಲಾರಿನೆಟ್ ರಷ್ಯನ್ ಹಾಡನ್ನು ಎ ಮೇಜರ್‌ನಲ್ಲಿ ಹೇಳುತ್ತದೆ. ಹಾರ್ನ್ ಅದನ್ನೇ ಸಿ ಮೇಜರ್‌ನಲ್ಲಿ ಎತ್ತಿಕೊಳ್ಳುತ್ತದೆ. ಎರಡು ಶ್ರುತಿಮನೆಗಳ ನಡುವೆ ಸೇತುವೆಯೇನೂ ಇಲ್ಲ, ನೇರ ಜಿಗಿತ. ಆದರೂ ಕಿವಿ ಮುಗ್ಗರಿಸುವುದಿಲ್ಲ, ಏಕೆಂದರೆ ಮೇಲೆ ನಿಂತ ಇ ಎರಡಕ್ಕೂ ಸೇರಿದ್ದು: ಎ ಮೇಜರ್‌ಗೆ ಪಂಚಮ, ಸಿ ಮೇಜರ್‌ಗೆ ಗಾಂಧಾರ. ಕೆಳಗೆ ನೆಲ ಸರಿಯುತ್ತದೆ, ಮೇಲೆ ಬಾನು ಕದಲುವುದಿಲ್ಲ. ಇಷ್ಟು ಅಗ್ಗದ ಸಾಮಗ್ರಿಯಲ್ಲಿ ಇಷ್ಟು ದೊಡ್ಡ ಬಯಲನ್ನು ಹಾಸಿದವರು ಕಡಿಮೆ.

ಪ್ರಶ್ನೆ: ಪಾಶ್ಚಾತ್ಯ ಸಂಗೀತದ ಅಭ್ಯಾಸವಿಲ್ಲ. ಬೊರೊದಿನ್‌ನಲ್ಲಿ ಯಾವುದರಿಂದ ಶುರು ಮಾಡಲಿ?

ಮೇಲಿನ ಏಳು ನಿಮಿಷದಿಂದಲೇ. ಅದರಲ್ಲಿ ಎರಡೇ ರಾಗಗಳು. ಒಂದು ರಷ್ಯನ್ ಹಾಡು, ಇನ್ನೊಂದು ಇಂಗ್ಲಿಷ್ ಹಾರ್ನ್ (ಓಬೋ ಜಾತಿಯ ಊದುವಾದ್ಯ) ನುಡಿಸುವ ಪೂರ್ವದ ಧಾಟಿ. ಮೊದಲ ಸಲ ಕೇಳುವಾಗ ರಷ್ಯನ್ ಹಾಡನ್ನು ಮಾತ್ರ ಹಿಂಬಾಲಿಸಿ, ಎರಡನೇ ಸಲ ಪೂರ್ವದ ಧಾಟಿಯನ್ನು. ಮೂರನೇ ಸಲ ಸುಮಾರು ಮೂರನೇ ಎರಡು ಪಾಲು ಕಳೆದ ಮೇಲೆ ಕಿವಿ ನೆಟ್ಟಗೆ ಮಾಡಿ: ಎರಡೂ ಒಂದರ ಮೇಲೊಂದು ಕೂತಿರುತ್ತವೆ. ಎರಡನ್ನೂ ಮೊದಲೇ ಬಾಯಿಪಾಠ ಮಾಡಿಕೊಳ್ಳದವರಿಗೆ ಅಲ್ಲಿ ಸುಮ್ಮನೆ ‘ಇಂಪಾಗಿದೆ’ ಎನಿಸುತ್ತದೆ ಅಷ್ಟೇ. ಮಾಡಿಕೊಂಡವರಿಗೆ ಮೈ ಝುಂ ಎನ್ನುತ್ತದೆ.

ಆಮೇಲೆ ‘ಇಗೋರ್’ ಆಪೆರಾದ ಪೊಲೊವ್ತ್ಸಿ ನೃತ್ಯಗಳು (ಪೊಲೊವ್ತ್ಸಿ ಎಂದರೆ ಹುಲ್ಲುಗಾವಲಿನ ಅಲೆಮಾರಿ ಜನ), ಆಮೇಲೆ ಎರಡನೇ ಸಿಂಫನಿ. ಮೊದಲ ಸಿಂಫನಿ, ಇ-ಫ್ಲಾಟ್ ಮೇಜರ್, ಕೊನೆಗಿರಲಿ. ಒಳ್ಳೆಯ ಕೃತಿಯೇ. ಅದರ ಸ್ಕೆರ್ಟ್ಸೊ (ಲವಲವಿಕೆಯ ವೇಗದ ಭಾಗ) ಗಾಳಿಪಟದಂತೆ ಹಾರುತ್ತದೆ. ಕೊನೆಯ ಭಾಗದಲ್ಲಿ ಮಾತ್ರ ಜರ್ಮನ್ ಸಂಗೀತಕಾರ ಶೂಮನ್‌ನ ನೆರಳು ದಟ್ಟವಾಗಿದೆ. ಬೊರೊದಿನ್‌ನ ಸ್ವಂತ ದನಿ ಗೊತ್ತಾದ ಮೇಲೆ ಕೇಳಿದರೆ ಎಲ್ಲಿ ಅವನು, ಎಲ್ಲಿ ಶೂಮನ್ ಎಂದು ಬೇರೆ ಮಾಡಬಹುದು.

ಪ್ರಶ್ನೆ: ಎರಡನೇ ಸಿಂಫನಿಯ ಆರಂಭ ಒಬ್ಬ ಕಂಡಕ್ಟರ್ ಕೈಯಲ್ಲಿ ಬಂಡೆ ಉರುಳಿದಂತೆ, ಇನ್ನೊಬ್ಬನ ಕೈಯಲ್ಲಿ ಕತ್ತಿ ಬೀಸಿದಂತೆ ಇದೆ. ಒಂದೇ ಪುಸ್ತಕ ನೋಡಿ ನುಡಿಸುವವರಲ್ಲಿ ಇಷ್ಟು ವ್ಯತ್ಯಾಸ ಹೇಗೆ? ಮೊದಲ ಪ್ರದರ್ಶನ ಸೋತಿತಂತೆ, ನಿಜವೇ?

ವ್ಯತ್ಯಾಸದ ಬೀಜ ಪುಸ್ತಕದಲ್ಲೇ ಇದೆ. ಮೊದಲ ಭಾಗಕ್ಕೆ ಒಂದು ವೇಗವಲ್ಲ, ಎರಡು. ತಂತಿವಾದ್ಯಗಳು ಒಟ್ಟಾಗಿ ಗುದ್ದುವ ಮೊದಲ ವಾಕ್ಯ ‘ಅಲ್ಲೆಗ್ರೊ’, ಅದಕ್ಕೆ ಬರುವ ಉತ್ತರ ‘ಅನಿಮಾಟೊ ಅಸಾಯಿ’, ಎಂದರೆ ಇನ್ನೂ ಚುರುಕು. ಜೊತೆಗೆ ಆರಂಭದ ಉದ್ದ ಸ್ವರದ ಮೇಲೆ ವಿರಾಮಚಿಹ್ನೆ. ಅದನ್ನು ಎಷ್ಟು ಹೊತ್ತು ಹಿಡಿಯಬೇಕು ಎಂಬುದು ಕಂಡಕ್ಟರ್‌ಗೆ ಬಿಟ್ಟದ್ದು. ಎರಡು ವೇಗಗಳ ಅಂತರವನ್ನು ಹಿಗ್ಗಿಸಿ, ವಿರಾಮವನ್ನೂ ಉದ್ದ ಹಿಡಿದರೆ ಬಂಡೆ. ಅಂತರ ಕುಗ್ಗಿಸಿದರೆ ಕತ್ತಿ. ಕಾರ್ಲೋಸ್ ಕ್ಲೈಬರ್ 1972ರಲ್ಲಿ ಸ್ಟುಟ್‌ಗಾರ್ಟ್‌ನ ರೇಡಿಯೊ ವೃಂದದೊಂದಿಗೆ ನುಡಿಸಿದ್ದು ಕತ್ತಿಯ ಪಕ್ಷ. ಅವನ ತಂದೆ ಏರಿಕ್ ಕ್ಲೈಬರ್ 1947ರಲ್ಲಿ ಎನ್‌ಬಿಸಿ ವೃಂದದೊಂದಿಗೆ ನುಡಿಸಿದ್ದೂ ಸಿಗುತ್ತದೆ. ಅಪ್ಪ ಮಗನನ್ನು ಪಕ್ಕಪಕ್ಕ ಇಟ್ಟು ಕೇಳುವುದು ಒಳ್ಳೆಯ ಪಾಠ.

ನಮ್ಮ ಒಲವು ಕೇಳಿದರೆ, ಆರಂಭವನ್ನೇ ಪೂರ್ತಿ ಭಾರ ಮಾಡಿಬಿಡುವುದು ದಾರಿ ತಪ್ಪಿದಂತೆ. ಆ ವಾಕ್ಯ ಮುಂದೆ ಸ್ವರಗಳ ಅವಧಿ ಹಿಗ್ಗಿಸಿಕೊಂಡು, ಹಿತ್ತಾಳೆ ವಾದ್ಯಗಳ ಬಲದೊಂದಿಗೆ ಮರಳಿ ಬರುತ್ತದೆ. ದೈತ್ಯ ನಿಜವಾಗಿ ಎದ್ದು ನಿಲ್ಲುವುದು ಆಗ. ಬಾಗಿಲಲ್ಲೇ ಅಷ್ಟು ಎತ್ತರ ತೋರಿಸಿದರೆ ಆಮೇಲೆ ತೋರಿಸಲು ಏನೂ ಉಳಿಯುವುದಿಲ್ಲ. ಈ ವಾಕ್ಯ ಎಷ್ಟು ಹಟಮಾರಿ ಎಂದರೆ, ಇಪ್ಪತ್ತನೇ ಶತಮಾನದ ಆರಂಭದಲ್ಲಿ ಪ್ಯಾರಿಸ್‌ನಲ್ಲಿ ಫ್ರೆಂಚ್ ಸಂಗೀತಕಾರ ರಾವೆಲ್ ಮತ್ತು ಗೆಳೆಯರ ‘ಅಪಾಶ್’ ಗುಂಪು ಒಬ್ಬರನ್ನೊಬ್ಬರು ಗುರುತಿಸಲು ಇದನ್ನೇ ಸಿಳ್ಳೆ ಹೊಡೆಯುತ್ತಿತ್ತು.

ಮೊದಲ ಪ್ರದರ್ಶನದ ವಿಚಾರ. ಹೌದು, ಸೋತಿತು. 1877ರ ಮಾರ್ಚ್ 10, ಸೇಂಟ್ ಪೀಟರ್ಸ್‌ಬರ್ಗ್, ನಿರ್ದೇಶನ ಎದ್ವಾರ್ದ್ ನಪ್ರಾವ್ನಿಕ್. ಕಾರಣ ಕುತೂಹಲದ್ದು. ಬೊರೊದಿನ್‌ನ ಗೆಳೆಯ, ಸಂಗೀತಕಾರ ರಿಮ್‌ಸ್ಕಿ-ಕೊರ್ಸಕೊವ್ 1873ರಿಂದ ನೌಕಾಪಡೆಯ ಬ್ಯಾಂಡ್‌ಗಳ ಇನ್‌ಸ್ಪೆಕ್ಟರ್ ಆಗಿದ್ದ. ಅವನೂ ಬೊರೊದಿನ್ನೂ ಕೂಡಿ ಒಂದೊಂದೇ ಊದುವಾದ್ಯವನ್ನು ಕೈಗೆತ್ತಿಕೊಂಡು, ಬೆರಳು ಹೇಗೆ, ತುಟಿ ಹೇಗೆ ಎಂದು ಪರೀಕ್ಷಿಸುವ ಹುಚ್ಚಿಗೆ ಬಿದ್ದಿದ್ದರು. ಕವಾಟವಿರುವ ಹಿತ್ತಾಳೆ ವಾದ್ಯ ಏನು ಬೇಕಾದರೂ ನುಡಿಸಬಲ್ಲದು ಎಂಬ ಉತ್ಸಾಹದಲ್ಲಿ ಬೊರೊದಿನ್ ಸಿಂಫನಿಗೆ ಹಿತ್ತಾಳೆಯನ್ನು ಧಾರಾಳವಾಗಿ ಸುರಿದ. ಸ್ಕೆರ್ಟ್ಸೊ ಭಾಗದ ವೇಗ ‘ಪ್ರೆಸ್ಟಿಸ್ಸಿಮೊ’, ತಾಳ ಒಂದು ಪೂರ್ಣ ಸ್ವರಕ್ಕೆ ಒಂದೇ ಎಣಿಕೆ. ಆ ಓಟದಲ್ಲಿ ಹಾರ್ನ್ ಒಂದೇ ಸ್ವರವನ್ನು ನಾಲಿಗೆಯಿಂದ ಚಕಚಕನೆ ಕತ್ತರಿಸಬೇಕು, ಉಳಿದ ಹಿತ್ತಾಳೆ ಕ್ಷಣದಲ್ಲಿ ಶ್ರುತಿಮೇಳ ಬದಲಿಸಬೇಕು. ಕವಾಟ ಬೆರಳಿನ ಕಷ್ಟ ನೀಗಿಸುತ್ತದೆ, ಹೌದು. ಆದರೆ ಮೀಟರುಗಟ್ಟಲೆ ಕೊಳವೆಯೊಳಗಿನ ಗಾಳಿ ಮಾತು ಕೇಳಲು ಬೇಕಾದ ಸಮಯವನ್ನು ನೀಗಿಸುವುದಿಲ್ಲ. ವಾದಕರು ಹಿಂದುಳಿದರು, ನಪ್ರಾವ್ನಿಕ್ ವೇಗ ಇಳಿಸಬೇಕಾಯಿತು, ಹಾರಬೇಕಾದದ್ದು ತೆವಳಿತು. ಅನಂತರ ಬೊರೊದಿನ್ ಹಿತ್ತಾಳೆಯ ಭಾರ ಇಳಿಸಿದ. 1879ರಲ್ಲಿ ರಿಮ್‌ಸ್ಕಿ-ಕೊರ್ಸಕೊವ್ ನಿರ್ದೇಶಿಸಿದಾಗ ಕೃತಿ ಗೆದ್ದಿತು. ಇಂದು ನಾವು ಕೇಳುವುದು ಹಗುರಾದ ಈ ರೂಪವನ್ನೇ, ಅದೂ ಬೊರೊದಿನ್ ತೀರಿಕೊಂಡ ಮೇಲೆ ರಿಮ್‌ಸ್ಕಿ-ಕೊರ್ಸಕೊವ್ ಮತ್ತು ಕಿರಿಯ ಸಂಗೀತಕಾರ ಗ್ಲಜುನೊವ್ ಅಚ್ಚಿಗೆ ಸಿದ್ಧಪಡಿಸಿದ್ದನ್ನು.

ಕೇಳುವವರಿಗೆ ಒಂದು ಸೂಚನೆ. ಮೂರನೇ ಭಾಗ ನಾಲ್ಕನೆಯದಕ್ಕೆ ನಿಲ್ಲದೆ ಹರಿಯುತ್ತದೆ. ಡಿಜಿಟಲ್ ಕಡತಗಳಲ್ಲಿ ಅವು ಎರಡು ಟ್ರ್ಯಾಕ್. ನಿಮ್ಮ ಆ್ಯಪ್ ಎರಡರ ನಡುವೆ ಅರ್ಧ ಸೆಕೆಂಡ್ ಮೌನ ಸೇರಿಸಿದರೂ ಆ ದಾಟು ಮುರಿದು ಬೀಳುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಗ್ಯಾಪ್‌ಲೆಸ್’ ಆಯ್ಕೆ ಹಾಕಿಕೊಳ್ಳಿ. ಒಂದೊಂದೇ ಭಾಗ ಕೇಳುವ ಅಭ್ಯಾಸವಿದ್ದರೂ ಇವೆರಡನ್ನು ಬೇರ್ಪಡಿಸಬೇಡಿ.

ಪ್ರಶ್ನೆ: ಅದೇ ಸಿಂಫನಿಯ ಕೊನೆಯ ಭಾಗಕ್ಕೆ ಕೈಯಲ್ಲಿ ತಾಳ ಹಾಕಲು ಹೋದರೆ ತಪ್ಪುತ್ತದೆ. ಹೇಗೆ ಎಣಿಸುವುದು?

ನಾಲ್ಕು ಎಂದುಕೊಂಡು ಶುರು ಮಾಡಿದ್ದೀರಿ, ಅದಕ್ಕೇ. ಮುಖ್ಯ ರಾಗದಲ್ಲಿ ಮೂರರ ಒಂದು ಆವರ್ತ, ಎರಡರ ಒಂದು ಆವರ್ತ ಜೋಡಿಯಾಗಿ ಬರುತ್ತವೆ. ಒಟ್ಟು ಐದು, ಒಡೆಯುವುದು 3+2. ಕರ್ನಾಟಕ ಸಂಗೀತ ಬಲ್ಲವರ ಕೈ ಐದು ಎಂದೊಡನೆ ಖಂಡ ಚಾಪಿಗೆ ಹೋಗುತ್ತದೆ. ಅದು 2+3, ಇಲ್ಲಿನದು ತಲೆಕೆಳಗು. ಹಾಗಾಗಿ ‘ತಕಿಟ ತಕ’ ಎಂದು ಹೇಳಿಕೊಳ್ಳಿ, ‘ತಕ ತಕಿಟ’ ಎಂದಲ್ಲ. ಆದರೆ ಇಡೀ ಭಾಗ ಐದರಲ್ಲೇ ನಡೆಯುತ್ತದೆ ಎಂದುಕೊಂಡರೆ ಮತ್ತೆ ಎಡವುತ್ತೀರಿ. ಪೀಠಿಕೆ ಓಡಿ ಮುಗಿದು ಮುಖ್ಯ ರಾಗ ನೆಲೆಯಾದ ಮೇಲೆ ಎಣಿಕೆ ಶುರು ಮಾಡಿ, ಲೆಕ್ಕ ಜಾರಿದರೆ ಆ ರಾಗ ಮತ್ತೆ ಬರುವವರೆಗೆ ಕಾಯಿರಿ.

ಐದರ ಓಟದ ರುಚಿ ಹತ್ತಿದರೆ ಮೂರನೇ ಸಿಂಫನಿಯ ಎರಡನೇ ಭಾಗಕ್ಕೆ ಹೋಗಿ. ಅದು 5/8, ಸ್ವರಗಳು ಸಾಸಿವೆ ಸಿಡಿದಂತೆ. ಕೈ ಎಣಿಸಲಾರದು, ಒಂದು ಐದಕ್ಕೆ ಒಂದು ತಟ್ಟು ಸಾಕು.

ಪ್ರಶ್ನೆ: ‘ಇಗೋರ್’ ಪೀಠಿಕೆ ನಿಜಕ್ಕೂ ಗ್ಲಜುನೊವ್ ಬರೆದದ್ದು ಎನ್ನುತ್ತಾರೆ. ಹಾಗಾದರೆ ಬೊರೊದಿನ್‌ನ ಹೆಸರಲ್ಲಿ ನಾವು ಕೇಳುವುದರಲ್ಲಿ ಅವನದು ಎಷ್ಟು?

ಬಂದ ಪ್ರಶ್ನೆಗಳಲ್ಲಿ ಇದೇ ಮುಖ್ಯ ಎಂದು ನಮ್ಮ ಎಣಿಕೆ. ರಾಗ ಕಟ್ಟಿದ್ದು, ಜೋಡಿಸಿದ್ದು, ವಾದ್ಯಗಳಿಗೆ ಹಂಚಿದ್ದು: ಈ ಮೂರು ಕೆಲಸಗಳನ್ನು ಬೇರೆ ಬೇರೆ ಇಟ್ಟು ನೋಡಿದರೆ ಗೊಂದಲ ತೀರುತ್ತದೆ.

ಮೂರೂ ಅವನದೇ ಆಗಿರುವುದು ಮೊದಲ ಎರಡು ಸಿಂಫನಿಗಳು ಮತ್ತು ‘ಮಧ್ಯ ಏಷ್ಯಾ’. ಎರಡನೆಯದರ ಅಚ್ಚಿನಲ್ಲಿ ಗೆಳೆಯರ ಕೈ ಆಡಿದೆ ಎಂದು ಮೇಲೆ ಹೇಳಿದೆವು, ಆದರೆ ಕೃತಿ ಅವನದು. ಅದರ ಮೊದಲ ಮತ್ತು ಕೊನೆಯ ಭಾಗಗಳ ಹಸ್ತಪ್ರತಿ ಕಳೆದುಹೋಗಿ, ಪ್ರದರ್ಶನ ಹತ್ತಿರ ಬಂದಾಗ ಅವನು ಕಾಯಿಲೆಯಲ್ಲಿ ಮಲಗಿಕೊಂಡೇ ಪೆನ್ಸಿಲ್‌ನಲ್ಲಿ ಮತ್ತೆ ವಾದ್ಯ ಹಂಚಿಕೆ ಬರೆದ ಸಂಗತಿ ರಿಮ್‌ಸ್ಕಿ-ಕೊರ್ಸಕೊವ್‌ನ ನೆನಪುಗಳಲ್ಲಿದೆ.

ಪೊಲೊವ್ತ್ಸಿ ನೃತ್ಯಗಳಲ್ಲಿ ರಾಗವೂ ಜೋಡಣೆಯೂ ಬೊರೊದಿನ್‌ನದು, ವಾದ್ಯ ಹಂಚಿಕೆಗೆ ಮೂರು ಜನ. 1879ರ ಕಛೇರಿಗೆ ದಿನ ಹತ್ತಿರವಾದರೂ ಬರವಣಿಗೆ ಮುಗಿದಿರಲಿಲ್ಲ. ಬೊರೊದಿನ್, ರಿಮ್‌ಸ್ಕಿ-ಕೊರ್ಸಕೊವ್, ಇನ್ನೊಬ್ಬ ಸಂಗೀತಕಾರ ಲ್ಯಾದೊವ್ ರಾತ್ರಿಯೆಲ್ಲ ಕೂತು ಪಾಲು ಹಂಚಿಕೊಂಡು ಬರೆದರು. ಶಾಯಿ ಒಣಗಲು ಪುರುಸೊತ್ತಿಲ್ಲವೆಂದು ಪೆನ್ಸಿಲ್. ಪೆನ್ಸಿಲ್ ಅಳಿಸದಿರಲೆಂದು ರಸಾಯನಶಾಸ್ತ್ರಜ್ಞ ಬೊರೊದಿನ್ ಹಾಳೆಗಳಿಗೆ ಕರಗಿಸಿದ ಜೆಲಟಿನ್ ಬಳಿದು, ಒಗೆದ ಬಟ್ಟೆಯಂತೆ ಹಗ್ಗಕ್ಕೆ ನೇತುಹಾಕಿದ.

‘ಇಗೋರ್’ ಪೀಠಿಕೆಯಲ್ಲಿ ರಾಗಗಳೆಲ್ಲ ಆಪೆರಾದವು, ಎಂದರೆ ಬೊರೊದಿನ್‌ನವು. ಕ್ರಮವನ್ನು ಅವನು ಗೆಳೆಯರ ಮುಂದೆ ಪಿಯಾನೊದಲ್ಲಿ ನುಡಿಸಿ ತೋರಿಸಿದ್ದ, ಕಾಗದಕ್ಕೆ ಇಳಿಸಲಿಲ್ಲ. 1887ರ ಫೆಬ್ರವರಿಯಲ್ಲಿ ಅವನು ಸತ್ತಾಗ ಗ್ಲಜುನೊವ್‌ಗೆ 21 ವರ್ಷ. ಕೇಳಿದ ನೆನಪಿನ ಮೇಲೆ ಪೀಠಿಕೆಯನ್ನು ಕಟ್ಟಿದವನು, ವಾದ್ಯ ಹಂಚಿದವನು ಅವನೇ. ಹಾಗಾಗಿ ‘ಗ್ಲಜುನೊವ್ ಬರೆದದ್ದು’ ಎನ್ನುವವರೂ ಸುಳ್ಳು ಹೇಳುತ್ತಿಲ್ಲ, ‘ಬೊರೊದಿನ್‌ನದು’ ಎನ್ನುವವರೂ ಹೇಳುತ್ತಿಲ್ಲ. ಕೇಳಿದರೆ ಗೊತ್ತಾಗುತ್ತದೆ, ಅಲ್ಲಿನ ಮೇಳದ ಮೈ ನುಣುಪು. ಬೊರೊದಿನ್‌ನ ಸ್ವಂತ ಹಂಚಿಕೆ ಇದಕ್ಕಿಂತ ಒರಟು, ಬಣ್ಣಗಳು ಬೆರೆಯದೆ ಅಕ್ಕಪಕ್ಕ ನಿಲ್ಲುತ್ತವೆ.

ಮೂರನೇ ಸಿಂಫನಿ, ಎ ಮೈನರ್, ಎರಡೇ ಭಾಗ. ಎರಡನ್ನೂ ಪೂರ್ತಿ ಮಾಡಿ ವಾದ್ಯಕ್ಕೆ ಹಂಚಿದ್ದು ಗ್ಲಜುನೊವ್. ಒಂಟಿ ಓಬೋದಿಂದ ತೆರೆಯುವ ಮೊದಲ ಭಾಗ ಬಹುಪಾಲು ಅವನ ನೆನಪಿನಿಂದ. ಎರಡನೆಯದು ಬೊರೊದಿನ್ ತಂತಿ ಚತುಷ್ಟಯಕ್ಕೆ ಬರೆದಿದ್ದ ಸ್ಕೆರ್ಟ್ಸೊ, ಮಧ್ಯಭಾಗಕ್ಕೆ ‘ಇಗೋರ್’ಗಾಗಿ ಉಳಿದಿದ್ದ ಸಾಮಗ್ರಿ. ಇದನ್ನು ‘ಅಪೂರ್ಣ ಸಿಂಫನಿ’ ಎನ್ನುವುದಕ್ಕಿಂತ ‘ಎರಡು ತುಣುಕು’ ಎನ್ನುವುದೇ ಪ್ರಾಮಾಣಿಕ. ಆಪೆರಾವನ್ನೂ ಮುಗಿಸಿದವರು ರಿಮ್‌ಸ್ಕಿ-ಕೊರ್ಸಕೊವ್ ಮತ್ತು ಗ್ಲಜುನೊವ್. 1890ರಲ್ಲಿ ಅದು ಮರೀನ್‌ಸ್ಕಿ ರಂಗಮಂದಿರದಲ್ಲಿ ರಂಗಕ್ಕೆ ಬಂತು. 1869ರಲ್ಲಿ ವಿಮರ್ಶಕ ವ್ಲದೀಮಿರ್ ಸ್ತಾಸೊವ್ ಕಥೆ ಸೂಚಿಸಿದಾಗಿನಿಂದ ಲೆಕ್ಕ ಹಾಕಿದರೆ 21 ವರ್ಷ.

ಪ್ರಶ್ನೆ: ಪೊಲೊವ್ತ್ಸಿ ನೃತ್ಯಗಳು ಒಂದು ಕಡೆ 11 ನಿಮಿಷ, ಇನ್ನೊಂದು ಕಡೆ 13–14. ಒಂದರಲ್ಲಿ ಹಾಡುವವರಿದ್ದಾರೆ, ಇನ್ನೊಂದರಲ್ಲಿ ಇಲ್ಲ. ಯಾವುದು ಸರಿ? ಅದರಲ್ಲಿನ ನಿಧಾನದ ರಾಗವನ್ನು ಇಂಗ್ಲಿಷ್ ಹಾಡಾಗಿಯೂ ಕೇಳಿದ ನೆನಪು.

ಎರಡನೇ ಅಂಕದ ಕೊನೆಯ ನೃತ್ಯಸರಣಿ ಆಪೆರಾದ 17ನೇ ಸಂಖ್ಯೆ. ಅದಷ್ಟೇ ಆದರೆ 11 ನಿಮಿಷದ ಆಸುಪಾಸು. ಅದೇ ಅಂಕದಲ್ಲಿ ಮೊದಲೇ ಬರುವ ಪುಟ್ಟ ‘ಪೊಲೊವ್ತ್ಸಿ ಕನ್ಯೆಯರ ನೃತ್ಯ’ 8ನೇ ಸಂಖ್ಯೆ. ಅದನ್ನು ಮುಂದೆ ಅಂಟಿಸಿದರೆ ಎರಡು ನಿಮಿಷಕ್ಕೂ ಮಿಕ್ಕಿ ಹೆಚ್ಚುತ್ತದೆ. ಟ್ರ್ಯಾಕ್ ಹೆಸರಿನಲ್ಲಿ 8 ಮತ್ತು 17 ಎಂದಿದ್ದರೆ ಎರಡೂ ಇವೆ ಎಂದರ್ಥ.

ಆಪೆರಾದಲ್ಲಿ ಇದು ಮೇಳಗಾನದ ನೃತ್ಯ. ಸೆರೆಯಾಳಾದ ಇಗೋರನ ಮನ ತಣಿಸಲು ಪೊಲೊವ್ತ್ಸಿಯರ ಖಾನ್ ಕೊಂಚಾಕ್ ಏರ್ಪಡಿಸಿದ ರಂಜನೆ. ಹಾಡುವ ಸಾಲುಗಳನ್ನು ವಾದ್ಯಗಳೂ ಬಹುಮಟ್ಟಿಗೆ ನುಡಿಸುತ್ತವೆ, ಆದ್ದರಿಂದ ಗಾಯಕರಿಲ್ಲದೆಯೂ ಕಂಬ ಬೀಳುವುದಿಲ್ಲ. ಬೀಳದಿದ್ದರೂ ಬಡವಾಗುತ್ತದೆ. ಹೆಂಗಸರ ದನಿ ‘ಗಾಳಿಯ ರೆಕ್ಕೆಯೇರಿ ಹಾರಿಹೋಗು’ ಎಂದು ತಾಯ್ನಾಡಿಗೆ ಹಾಡು ಕಳುಹಿಸುತ್ತದೆ. ಹಾಡುತ್ತಿರುವವರೂ ಅಲ್ಲಿ ಸೆರೆಯಾಳುಗಳೇ. ಬರೀ ಓಬೋದಲ್ಲಿ ಅದು ಚಂದದ ರಾಗ ಮಾತ್ರ. ಒಂದೇ ಕೊಳ್ಳುವುದಾದರೆ ಗಾಯನವಿರುವುದನ್ನು ಕೊಳ್ಳಿ.

ನೀವು ನೆನೆದದ್ದೂ ಅದೇ ರಾಗ. 1953ರ ಬ್ರಾಡ್‌ವೇ ಸಂಗೀತ ನಾಟಕ ‘ಕಿಸ್ಮೆಟ್’ ಬೊರೊದಿನ್‌ನ ರಾಗಗಳ ಮೇಲೆಯೇ ಕಟ್ಟಿದ್ದು. ಸತ್ತು 67 ವರ್ಷವಾದ ಮೇಲೆ, 1954ರಲ್ಲಿ, ಅವನ ಹೆಸರಿಗೆ ಟೋನಿ ಪ್ರಶಸ್ತಿಯೂ ಬಂತು.

ಪ್ರಶ್ನೆ: ನಮ್ಮದು ಹವ್ಯಾಸಿ ವಾದ್ಯವೃಂದ, ನಲವತ್ತು ಚಿಲ್ಲರೆ ಜನ. ಬೊರೊದಿನ್‌ನ ಯಾವುದನ್ನು ಎತ್ತಿಕೊಳ್ಳಬಹುದು? ಎಲ್ಲಿ ಎಡವುತ್ತೇವೆ?

‘ಮಧ್ಯ ಏಷ್ಯಾ’ ಒಂದೇ. ಎರಡನೇ ಸಿಂಫನಿಯ ಸ್ಕೆರ್ಟ್ಸೊ ನಪ್ರಾವ್ನಿಕ್‌ನ ವೃತ್ತಿಪರರನ್ನೇ ಕಾಡಿಸಿತು, ಅದರ ಸಹವಾಸ ಬೇಡ.

ಬೇಕಾದವರು: 2 ಕೊಳಲು, 1 ಓಬೋ, 1 ಇಂಗ್ಲಿಷ್ ಹಾರ್ನ್, 2 ಕ್ಲಾರಿನೆಟ್, 2 ಬಸೂನ್, 4 ಹಾರ್ನ್, 2 ಟ್ರಂಪೆಟ್, 3 ಟ್ರೊಂಬೋನ್, ಟಿಂಪನಿ. ಇಲ್ಲಿಗೆ 18. ತಂತಿಯಲ್ಲಿ ಮೊದಲ ವಯೊಲಿನ್ 8, ಎರಡನೆಯದು 6, ವಿಯೋಲಾ 4, ಚೆಲ್ಲೊ 4, ಡಬಲ್ ಬಾಸ್ 2 ಇದ್ದರೆ ಒಟ್ಟು 42. ಟ್ಯೂಬಾ ಇಲ್ಲ, ಹಾರ್ಪ್ ಇಲ್ಲ. ಬೊರೊದಿನ್ ತೀರಿಕೊಂಡು ಶತಮಾನ ದಾಟಿರುವುದರಿಂದ ಹಳೆಯ ಮುದ್ರಣದ ಸ್ಕೋರ್‌ಗೆ ಹಕ್ಕುಸ್ವಾಮ್ಯದ ತೊಡಕಿಲ್ಲ.

ಮೊದಲ ಗಂಡಾಂತರ ಆ ಎತ್ತರದ ಇ. ಅದನ್ನು ಒತ್ತಿ ನುಡಿಸುವುದಲ್ಲ, ತಂತಿಯನ್ನು ಬೆರಳಿನಿಂದ ಸೋಕಿಸಿ ಹಾರ್ಮೊನಿಕ್ ಆಗಿ ಹೊರಡಿಸಬೇಕು. ಇ ತಂತಿಯ ನಟ್ಟನಡುವೆ ಸೋಕಿದರೆ ಒಂದು ಸ್ಥಾಯಿ ಮೇಲಿನ ಇ. ಮೊದಲ ಹಸ್ತಸ್ಥಾನದಲ್ಲಿ ಮೂರನೇ ಬೆರಳು ಎ ಸ್ವರ ಹಿಡಿಯುವ ಜಾಗದಲ್ಲಿ ಒತ್ತದೆ ಸೋಕಿದರೆ ಎರಡು ಸ್ಥಾಯಿ ಮೇಲಿನ ಇ. ಇಲ್ಲಿ ಅಡಗಿರುವ ಅಪಾಯ ಏನೆಂದರೆ, ಹಾರ್ಮೊನಿಕ್‌ನ ಶ್ರುತಿಯನ್ನು ಬೆರಳಿನಿಂದ ತಿದ್ದಲಾಗದು. ತೆರೆದ ತಂತಿ ಕೂದಲೆಳೆಯಷ್ಟು ಏರಿದ್ದರೂ ಹಾರ್ಮೊನಿಕ್ ಅಷ್ಟೇ ಏರಿರುತ್ತದೆ, ಎರಡು ವಯೊಲಿನ್ ನಡುವೆ ಅಲೆ ಬಡಿಯುತ್ತದೆ. ಹಾಗಾಗಿ ವೇದಿಕೆಯಲ್ಲಿ ಎ ಸ್ವರ ಹೊಂದಿಸಿಕೊಂಡ ಮೇಲೆ ಇ ತಂತಿಗಳನ್ನು ಮಾತ್ರ ಮತ್ತೊಮ್ಮೆ, ಒಬ್ಬೊಬ್ಬರಾಗಿ, ಮುಂದಿನ ಸಾಲಿನವರಿಗೆ ಹೊಂದಿಸಿ. ಕಮಾನು ತಿರುಗಿಸುವುದು ಒಟ್ಟಿಗೆ ಆಗಕೂಡದು, ಪಕ್ಕದವರು ತಿರುಗಿಸಿದ ಮೇಲೆ ನೀವು. ಒಟ್ಟಿಗೆ ತಿರುಗಿಸಿದರೆ ಬಾನು ಬಿಕ್ಕಳಿಸುತ್ತದೆ. ಕಮಾನನ್ನು ನಿಧಾನ ಎಳೆಯುವ ಆಸೆಯಲ್ಲಿ ತೀರಾ ಜಿಪುಣತನ ಮಾಡಿದರೆ ಹಾರ್ಮೊನಿಕ್ ಒಡೆದು ಕೆಳಗಿನ ಸ್ವರ ಕೂಗುತ್ತದೆ. ಸ್ವಲ್ಪ ಧಾರಾಳವಾಗಿ, ತಂತಿ ಹೊತ್ತ ಸೇತುವೆಯ (ಬ್ರಿಜ್) ಕಡೆಗೆ ವಾಲಿ ಎಳೆಯಿರಿ.

ಎರಡನೆಯದು ಮೀಟು. ಚೆಲ್ಲೊ ಮತ್ತು ವಿಯೋಲಾ ಬೆರಳಿನಿಂದ ಮೀಟುವಾಗ ಎಲ್ಲ ಹವ್ಯಾಸಿಗಳೂ ಓಡುತ್ತಾರೆ, ಏಕೆಂದರೆ ಕಮಾನಿನಂತೆ ಸ್ವರದ ಉದ್ದವನ್ನು ಕೈ ಅನುಭವಿಸುವುದಿಲ್ಲ, ಮೌನ ಕೈಗೆ ಖಾಲಿ ಎನಿಸುತ್ತದೆ. ಒಂಟೆ ಓಡುವ ಪ್ರಾಣಿಯಲ್ಲ ಎಂದು ಹೇಳಿದರೆ ನಗುತ್ತಾರೆ, ಮತ್ತೆ ಓಡುತ್ತಾರೆ. ಮದ್ದು ಒಂದೇ: ಒಂದು ತಾಲೀಮಿನಲ್ಲಿ ಅದೇ ಭಾಗವನ್ನು ಕಮಾನಿನಲ್ಲಿ, ಪೂರ್ತಿ ಉದ್ದಕ್ಕೆ ನುಡಿಸಿ, ತಕ್ಷಣ ಮೀಟಿಗೆ ಮರಳಿ.

ಇಂಗ್ಲಿಷ್ ಹಾರ್ನ್ ಇಲ್ಲದ ವೃಂದ ಓಬೋಗೆ ಆ ಸಾಲು ಕೊಡುವುದುಂಟು. ಓಬೋ ಮಧ್ಯ ಸಿ ಕೆಳಗಿನ ಬಿ-ಫ್ಲಾಟ್‌ಗಿಂತ ಕೆಳಗಿಳಿಯದು, ಅದರ ತಳದ ಸ್ವರಗಳು ಮೆಲುದನಿಯಲ್ಲಿ ಬಾತುಕೋಳಿಯಾಗುತ್ತವೆ. ಕ್ಲಾರಿನೆಟ್ ವಾಸಿ. ಆದರೆ ಮೊದಲ ರಷ್ಯನ್ ಹಾಡು ಹಾಡಿದ್ದು ಕ್ಲಾರಿನೆಟ್ಟೇ, ಪೂರ್ವವೂ ಅದೇ ಬಾಯಲ್ಲಿ ಬಂದರೆ ಕೇಳುಗನಿಗೆ ಇಬ್ಬರು ಪ್ರಯಾಣಿಕರು ಒಬ್ಬನಾಗಿಬಿಡುತ್ತಾರೆ. ಒಂದು ಸಂಜೆಗೆ ವಾದ್ಯವನ್ನು ಎರವಲು ತನ್ನಿ.

ರಾಗಗಳೆರಡೂ ಸೇರುವ ಜಾಗವನ್ನು ತಾಲೀಮಿನ ಮೊದಲ ದಿನವೇ ತೆಗೆಯಿರಿ. ಆ ಎರಡು ಸಾಲು ಬಿಟ್ಟು ಉಳಿದವರೆಲ್ಲ ಸುಮ್ಮನಿರಲಿ, ಆಮೇಲೆ ಒಬ್ಬೊಬ್ಬರಾಗಿ ಸೇರಲಿ, ಎರಡರಲ್ಲಿ ಒಂದು ಮುಳುಗಿದ ಕ್ಷಣ ಯಾರು ಸೇರಿದರೋ ಅವರು ದನಿ ಇಳಿಸಲಿ. ಕೊನೆಯ ಎಚ್ಚರಿಕೆ ಮರೆಯಾಗುವ ಭಾಗಕ್ಕೆ. ಎಲ್ಲರೂ ಬೇಗ ಮೆಲ್ಲಗಾಗಿ, ಕೊಳಲಿನ ತುಣುಕು ಬರುವ ಹೊತ್ತಿಗೆ ಇಳಿಯಲು ಜಾಗವೇ ಇರುವುದಿಲ್ಲ. ಶಿಖರ ದಾಟಿದ ಮೇಲೂ ಸ್ವಲ್ಪ ಹೊತ್ತು ದನಿ ಹಿಡಿದುಕೊಳ್ಳಿ.

ಪ್ರಶ್ನೆ: ‘ಮಧ್ಯ ಏಷ್ಯಾ’ ಸಾಮ್ರಾಜ್ಯದ ಜಾಹೀರಾತು ಅಲ್ಲವೇ?

ಹುಟ್ಟಿದ್ದು ಹಾಗೆಯೇ. 1880ರಲ್ಲಿ ರಷ್ಯಾದ ಚಕ್ರವರ್ತಿ ಎರಡನೇ ಅಲೆಕ್ಸಾಂಡರ್ ಪಟ್ಟವೇರಿ 25 ವರ್ಷ ತುಂಬಿದ್ದಕ್ಕೆ ಯೋಜಿಸಿದ ಸ್ತಬ್ಧಚಿತ್ರಗಳಲ್ಲಿ ಒಂದಕ್ಕೆ ಇದು ಹಿನ್ನೆಲೆ. ಆ ಪ್ರದರ್ಶನ ನಡೆಯಲಿಲ್ಲ. ಸಂಗೀತ ಏಪ್ರಿಲ್ 20ರಂದು ರಿಮ್‌ಸ್ಕಿ-ಕೊರ್ಸಕೊವ್ ನಿರ್ದೇಶನದಲ್ಲಿ ಮೊದಲು ಕೇಳಿಸಿತು. ಬೊರೊದಿನ್ ಕೊಟ್ಟ ವಿವರಣೆಯಲ್ಲಿ ಸ್ಥಳೀಯರ ಕಾರವಾನು ರಷ್ಯನ್ ಸೈನಿಕರ ಕಾವಲಿನಲ್ಲಿ ನಿರ್ಭಯವಾಗಿ ಸಾಗುತ್ತದೆ. ತಾಷ್ಕೆಂಟ್ 1865, ಸಮರ್ಕಂದ್ 1868, ಖೀವಾ 1873, ಕೋಕಂದ್ 1876: ಆ ಕಾವಲುಗಾರರು ಅಲ್ಲಿಗೆ ಬಂದ ದಾರಿ ಇದು. ಎರಡು ರಾಗಗಳು ಜಗಳವಿಲ್ಲದೆ ಕೂಡಿಕೊಳ್ಳುವುದು ಈ ಹಿನ್ನೆಲೆಯಲ್ಲಿ ಅಷ್ಟು ಮುಗ್ಧವಲ್ಲ. ಮೊದಲ ಹಾಡೂ ರಷ್ಯನ್, ಕೊನೆಗೆ ಉಳಿಯುವ ತುಣುಕೂ ರಷ್ಯನ್ ಎಂಬುದನ್ನೂ ಗಮನಿಸಿ.

‘ಪೂರ್ವದ’ ಧಾಟಿಯನ್ನು ಯಾವುದಾದರೂ ರಾಗದೊಂದಿಗೆ ಹೋಲಿಸಲು ಹೋಗಬೇಡಿ. ಇಂಗ್ಲಿಷ್ ಹಾರ್ನ್‌ನಂಥ ಜೋಡಿ ನಾಲಿಗೆಯ (ರೀಡ್) ವಾದ್ಯ, ಬಳುಕುವ ಅಲಂಕಾರ, ಕೆಳಗೆ ಅರ್ಧರ್ಧ ಸ್ವರ ಜಾರುವ ಒಳಸಾಲು, ಇವು ಹಿರಿಯ ರಷ್ಯನ್ ಸಂಗೀತಕಾರ ಗ್ಲಿಂಕಾನ 1842ರ ಆಪೆರಾ ‘ರುಸ್ಲಾನ್ ಮತ್ತು ಲ್ಯುದ್ಮಿಲಾ’ದಿಂದ ಬೆಳೆದುಬಂದ ರಷ್ಯನ್ ಪೋಷಾಕು. ಅಂದ ಹಾಗೆ, ರಷ್ಯನ್‌ನಲ್ಲಿ ಶೀರ್ಷಿಕೆ ಬರೀ ‘ಮಧ್ಯ ಏಷ್ಯಾದಲ್ಲಿ’. ಹುಲ್ಲುಗಾವಲು ಪಶ್ಚಿಮ ಯುರೋಪಿನಲ್ಲಿ ಸೇರಿಕೊಂಡದ್ದು.

ಪ್ರಶ್ನೆ: ರಸಾಯನಶಾಸ್ತ್ರ ಅವನಿಗೆ ಹೊಟ್ಟೆಪಾಡೋ, ನಿಜವಾದ ಕೆಲಸವೋ?

ನಿಜವಾದ ಕೆಲಸ, ಸಂಗೀತವೇ ಬಿಡುವಿನದು. ಸೇಂಟ್ ಪೀಟರ್ಸ್‌ಬರ್ಗ್‌ನ ವೈದ್ಯಕೀಯ-ಶಸ್ತ್ರಚಿಕಿತ್ಸಾ ಅಕಾಡೆಮಿಯಲ್ಲಿ ಪ್ರಾಧ್ಯಾಪಕ. ಇಂದಿನ ಪಠ್ಯಪುಸ್ತಕದ ಆಲ್ಡಾಲ್ ಕ್ರಿಯೆಯನ್ನು (ಎರಡು ಆಲ್ಡಿಹೈಡ್ ಅಣುಗಳು ಕೂಡುವುದು) 1872ರಲ್ಲಿ ಫ್ರಾನ್ಸಿನ ವುರ್ಟ್ಸ್ ಮತ್ತು ಅವನು ಬೇರೆ ಬೇರೆಯಾಗಿ ಕಂಡುಕೊಂಡರು. ಕೊಬ್ಬಿನ ಆಮ್ಲದ ಬೆಳ್ಳಿ ಲವಣಕ್ಕೆ ಬ್ರೋಮಿನ್ ಸೇರಿಸುವ ಇನ್ನೊಂದು ಕ್ರಿಯೆಗೂ ಅವನ ಹೆಸರಿದೆ. 1872ರಲ್ಲಿ ಶುರುವಾದ ಮಹಿಳೆಯರ ವೈದ್ಯಕೀಯ ತರಗತಿಗಳಿಗೆ ದುಡಿದವರಲ್ಲಿ ಒಬ್ಬ. ಬಲಾಕಿರೆವ್, ಕುಯಿ, ಮುಸೋರ್ಗ್‌ಸ್ಕಿ, ರಿಮ್‌ಸ್ಕಿ-ಕೊರ್ಸಕೊವ್ ಜೊತೆಗಿನ ‘ಕುಚ್ಕಾ’ ಎಂಬ ಸಂಗೀತಕಾರರ ಕೂಟಕ್ಕೆ ರಜೆ ಮತ್ತು ಕಾಯಿಲೆಯ ದಿನಗಳು ಸಿಕ್ಕವು. ಕುಚ್ಕಾ ಎಂದರೆ ಪುಟ್ಟ ಗುಂಪು, 1867ರಲ್ಲಿ ಸ್ತಾಸೊವ್ ಇಟ್ಟ ಹೆಸರು.

ಪ್ರಶ್ನೆ: ಎರಡನೇ ಸಿಂಫನಿಯ ಮೊದಲ ಪ್ರದರ್ಶನ ಒಂದು ಪುಸ್ತಕದಲ್ಲಿ ಫೆಬ್ರವರಿ 26, ಇನ್ನೊಂದರಲ್ಲಿ ಮಾರ್ಚ್ 10. ಯಾವುದು ಸರಿ?

ಎರಡೂ ಒಂದೇ ದಿನ. ರಷ್ಯಾ ಆಗ ಜೂಲಿಯನ್ ಪಂಚಾಂಗದಲ್ಲಿತ್ತು, 19ನೇ ಶತಮಾನದಲ್ಲಿ ಅದು ನಮ್ಮದಕ್ಕಿಂತ 12 ದಿನ ಹಿಂದೆ. ಬೊರೊದಿನ್ ಹುಟ್ಟಿದ್ದು ಅಕ್ಟೋಬರ್ 31 ಎಂದಿದ್ದರೆ ನವೆಂಬರ್ 12 ಎಂದು ಓದಿ, ಸತ್ತದ್ದು ಫೆಬ್ರವರಿ 15 ಎಂದಿದ್ದರೆ 27. ಈ ಅಂಕಣದಲ್ಲಿ ಕೊಟ್ಟಿರುವುದೆಲ್ಲ ಹೊಸ ಪಂಚಾಂಗದ ದಿನಾಂಕ.